ಒಂದು ದಿನದ ರೋಗಿಗಳು

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದರು ಹಿರಿಯರು. ಹಾಸಿಗೆ ಇದ್ದಷ್ಟು ಕಾಲು ಹಿಡಿದು ತನ್ನಿ ಅಂದರು ನಮ್ಮ ಡೀನ್. ಗಾದೆ ಕೆಟ್ಟಿತು, ಕೆಲಸ ಕೆಡಲಿಲ್ಲ. ಮುಂದೆ ಹೇಳುವುದೆಲ್ಲ ನಡೆದದ್ದು, ನಡೆದ ಹಾಗೆಯೇ. ನಂಬಿಕೆ ಬರದಿದ್ದರೆ ಯಾವುದಾದರೂ ದೊಡ್ಡಾಸ್ಪತ್ರೆಯಲ್ಲಿ ನೆಲ ಒರೆಸುವವರನ್ನು ಕೇಳಿ. ಡಾಕ್ಟರರನ್ನು ಕೇಳಬೇಡಿ, ಅವರಿಗೆ ಪುರುಸೊತ್ತಿಲ್ಲ.

ಊರು ದೊಡ್ಡದು. ಕಾಲೇಜಿನ ಬೋರ್ಡು ಅದಕ್ಕಿಂತ ದೊಡ್ಡದು. ಒಂಬತ್ತು ಮಹಡಿ, ನಾಲ್ಕು ಲಿಫ್ಟು, ಕನ್ನಡಿಯ ಹಾಗೆ ಹೊಳೆಯುವ ನೆಲ. ಐದನೇ ಮಹಡಿಯ ಮೆಡಿಸಿನ್ ವಾರ್ಡಿನಲ್ಲಿ ನಲವತ್ತು ಮಂಚ, ರೋಗಿಗಳು ಹನ್ನೊಂದು. ಬಡವರು ಗೇಟಿನವರೆಗೆ ಬಂದು ಒಳಗಿನ ಹೊಳಪು ನೋಡಿ ಹೆದರಿ ಹಿಂದಿರುಗುತ್ತಿದ್ದರು. ಉಳ್ಳವರಿಗೆ ಇದಕ್ಕಿಂತ ಹೊಳೆಯುವ ಜಾಗ ಗೊತ್ತಿತ್ತು. ಹೀಗಾಗಿ ಇಪ್ಪತ್ತೊಂಬತ್ತು ಮಂಚಗಳ ಮೇಲೆ ಬಿಳಿ ಬಟ್ಟೆ ಮಾತ್ರ ಮಲಗಿತ್ತು.

ಬರುವ ವರ್ಷ ಇನ್ನೂ ಐವತ್ತು ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಬೇಕು ಅಂತ ಕಾಲೇಜಿಗೆ ಆಸೆ. ಅದಕ್ಕೆ ಮೇಲಿನಿಂದ ತಪಾಸಣೆಯವರು ಬರಬೇಕು. ಬಂದವರಿಗೆ ಮಂಚಗಳು ತುಂಬಿರುವುದು ಕಾಣಬೇಕು. ಗುರುವಾರ ಬರುತ್ತಾರೆ ಅಂತ ಸೋಮವಾರವೇ ಗೊತ್ತಾಯಿತು. ತಪಾಸಣೆ ಗುಟ್ಟಾಗಿ ನಡೆಯಬೇಕಾದದ್ದು. ಗುಟ್ಟು ಗೊತ್ತಿಲ್ಲದೆ ಇದ್ದವರು ರೋಗಿಗಳು ಮಾತ್ರ.

ಈ ಕಥೆ ಮೂರನೇ ವರ್ಷದ ಒಬ್ಬ ಹುಡುಗಿಯದು. ಅವಳಿಗೆ ಮನೆಯಲ್ಲಿ ಇಟ್ಟ ಹೆಸರು ಒಂದು. ಕಾಲೇಜು ಇಟ್ಟ ಹೆಸರು ಫಿನಾಯಿಲ್.

ಮೊದಲ ವರ್ಷ, ಹೆಣ ಕೊಯ್ಯುವ ಹಾಲಿನಲ್ಲಿ, ಪಕ್ಕದಲ್ಲಿ ನಿಂತವಳು ಕೇಳಿದ್ದಳು: "ನಿಮ್ಮಮ್ಮ ಏನ್ ಮಾಡ್ತಾರೆ?"

"ಇಲ್ಲೇ ಇದ್ದಾರೆ. ನೆಲ ಒರೆಸ್ತಾರೆ."

ನಿಜ ಹೇಳಿದರೆ ಏನಾಗುತ್ತದೆ ಅಂತ ಆಗ ಅವಳಿಗೆ ತಿಳಿದಿರಲಿಲ್ಲ. ಸಂಜೆಯೊಳಗೆ ಹೆಸರು ಬಿತ್ತು. ಫಾರ್ಮಲಿನ್ ನಾತದಲ್ಲಿ ಕಣ್ಣುರಿದು ನೀರು ಸುರಿಸುತ್ತಿದ್ದ ನೂರೈವತ್ತು ಜನಕ್ಕೆ ಅವಳೊಬ್ಬಳ ವಾಸನೆ ಮಾತ್ರ ಮೂಗಿಗೆ ಹೊಡೆಯಿತು. ಮಾರನೇ ದಿನ ಅವಳ ಮೇಜಿನ ಸುತ್ತ ಎಂಟು ಜನ ನಿಲ್ಲಬೇಕಿತ್ತು. ಇದ್ದವರು ಇಬ್ಬರು. ಒಬ್ಬಳು ಅವಳು. ಇನ್ನೊಬ್ಬರು ಮೇಜಿನ ಮೇಲೆ ಮಲಗಿದ್ದರು.

ಅವಳ ತಾಯಿ ಆ ಕಟ್ಟಡದಲ್ಲಿ ಹತ್ತೊಂಬತ್ತು ವರ್ಷದಿಂದ ಕೆಲಸಕ್ಕಿದ್ದಳು. ಕಾಲೇಜಿನ ಲೆಕ್ಕದಲ್ಲಿ ಅವಳು ಕಾಲೇಜಿನವಳಲ್ಲ, ಗುತ್ತಿಗೆಯವರ ಕಡೆಯವಳು. ಗುತ್ತಿಗೆಯವರು ನಾಲ್ಕು ಸಲ ಬದಲಾಗಿದ್ದರು, ಮಾಪ್ ಹಿಡಿದ ಕೈ ಬದಲಾಗಿರಲಿಲ್ಲ. ಮಗಳಿಗೆ ಫ್ರೀ ಸೀಟು ಸಿಕ್ಕ ದಿನ ತಾಯಿ ಅಳಲಿಲ್ಲ, ಕುಣಿಯಲಿಲ್ಲ. ಅವಳನ್ನು ಎದುರಿಗೆ ಕೂರಿಸಿಕೊಂಡು ಒಂದು ಕರಾರು ಮಾಡಿದಳು.

"ನೋಡು, ಕಟ್ಟಡದ ಒಳಗೆ ನಾನು ನಿನಗೆ ಯಾರೂ ಅಲ್ಲ. ನೀನು ಡಾಕ್ಟ್ರು, ನಾನು ಆಯಾ. ಎದುರಿಗೆ ಸಿಕ್ಕರೆ ನಿಲ್ಲಬೇಡ. ಗೇಟು ದಾಟಿದ ಮೇಲೆ ತಾಯಿ, ಮಗಳು, ಜಗಳ, ಎಲ್ಲಾ."

"ಆಯ್ತಮ್ಮ" ಅಂದಳು ಮಗಳು.

ಎಷ್ಟು ಬೇಗ ಅಂದುಬಿಟ್ಟೆ ಅಂತ ಆಮೇಲೆ ಅವಳಿಗೆ ನಾಚಿಕೆಯಾಯಿತು. ಆದರೂ ಕರಾರು ಮುರಿಯಲಿಲ್ಲ. ಕಾರಿಡಾರಿನಲ್ಲಿ ತಾಯಿ ಬಗ್ಗಿ ಒರೆಸುತ್ತಿದ್ದರೆ ಸಹಪಾಠಿಗಳು ಒದ್ದೆ ನೆಲದ ನಟ್ಟನಡುವೆ ನಡೆದುಹೋಗುತ್ತಿದ್ದರು. ಬೂಟಿನ ಗುರುತು ಸಾಲಾಗಿ ಬೀಳುತ್ತಿತ್ತು. ಮಗಳು ಗೋಡೆ ಹಿಡಿದು ಅಂಚಿನಲ್ಲಿ ನಡೆಯುತ್ತಿದ್ದಳು. ತಾಯಿ ತಲೆ ಎತ್ತದೆ "ನಮಸ್ಕಾರ ಡಾಕ್ಟ್ರೇ" ಅನ್ನುತ್ತಿದ್ದಳು. ಆಮೇಲೆ ಆ ಗುರುತುಗಳನ್ನು ಒಂದೊಂದಾಗಿ ಒರೆಸುತ್ತಿದ್ದಳು.

ಹೌಸ್ ಸರ್ಜನ್ನರಲ್ಲಿ ಒಬ್ಬನಿದ್ದ. ಎಲ್ಲರ ದನಿಯನ್ನೂ ಅನುಕರಿಸುತ್ತಿದ್ದ, ಅದಕ್ಕೇ ಮೈಕು ಅಂತ ಹೆಸರು. ಡೀನ್ ಸೀನುವುದು, ಸಿಸ್ಟರ್ ಗದರುವುದು, ಲಿಫ್ಟಿನ ಮುದುಕ "ಮೇಲಾ ಕೆಳಗಾ" ಅನ್ನುವುದು, ಎಲ್ಲ ಅವನ ಗಂಟಲಲ್ಲಿತ್ತು. ಅವನ ಮೆಚ್ಚಿನ ಪಾತ್ರ ಆಯಾ. ಕ್ಯಾಂಟೀನಿನಲ್ಲಿ ಸೊಂಟ ಬಗ್ಗಿಸಿ, ದನಿ ಬಿರುಕು ಬಿಡಿಸಿ, "ಸ್ವಲ್ಪ ಕಾಲೆತ್ತಿ ಡಾಕ್ಟ್ರೇ, ಕಾಲೆತ್ತಿ" ಅನ್ನುತ್ತಿದ್ದ. ಮೇಜೆಲ್ಲ ನಗುತ್ತಿತ್ತು. ಒಂದು ಸಲ ಮಗಳೂ ನಕ್ಕುಬಿಟ್ಟಳು. ಅನುಕರಣೆ ಅಷ್ಟು ಚೆನ್ನಾಗಿತ್ತು. ಆ ದಿನ ಅವಳು ಊಟ ಬಿಟ್ಟಳು.

ಮೂರನೇ ವರ್ಷದಲ್ಲಿ ಬೆರಳು ಬಡಿಯುವ ವಿದ್ಯೆ ಕಲಿಸುತ್ತಾರೆ. ಎಡಗೈಯ ನಡುಬೆರಳನ್ನು ರೋಗಿಯ ಬೆನ್ನಿಗೆ ಒತ್ತಿ, ಬಲಗೈಯ ನಡುಬೆರಳಿನಿಂದ ಅದರ ಮೇಲೆ ಬಡಿಯಬೇಕು. ಒಳಗೆ ಗಾಳಿ ಇದ್ದರೆ ಡೋಲಿನ ಸದ್ದು. ನೀರು ತುಂಬಿದ್ದರೆ ಕಲ್ಲಿನ ಸದ್ದು. ಕಿವಿಗಿಂತ ಮೊದಲು ಬೆರಳಿಗೆ ಗೊತ್ತಾಗಬೇಕು. ಮಗಳು ಹಾಸ್ಟೆಲಿನ ಗೋಡೆ ಬಡಿದಳು, ಮೇಜು ಬಡಿದಳು, ನೀರಿನ ಡ್ರಮ್ಮು ಬಡಿದು ಎಲ್ಲಿಯವರೆಗೆ ನೀರಿದೆ ಅಂತ ಮುಚ್ಚಳ ತೆಗೆಯದೆ ಹೇಳಿದಳು. ರಜೆಯಲ್ಲಿ ಮನೆಗೆ ಹೋದಾಗ ತಾಯಿಯ ಬೆನ್ನು ಬಡಿದಳು.

"ಏನೇ ಇದು? ನನ್ನ ಬೆನ್ನು ಏನು ಬಾಗಿಲಾ? ಎಷ್ಟು ಬಡಿದರೂ ಒಳಗಿಂದ ಯಾರೂ ಬರಲ್ಲ."

ಆಗ ಎರಡೂ ಕಡೆ ಡೋಲಿನ ಸದ್ದಿತ್ತು. ಅದಾಗಿ ಐದು ತಿಂಗಳು.

ಈ ಐದು ತಿಂಗಳಲ್ಲಿ ಮಗಳು ಎರಡು ಸಲ ಒಂದು ದೃಶ್ಯ ನೋಡಿದ್ದಳು. ಕಾರಿಡಾರಿನ ಆ ತುದಿಯಲ್ಲಿ ತಾಯಿ ಮಾಪಿನ ಕೋಲಿಗೆ ಗಲ್ಲ ಊರಿ ನಿಂತಿದ್ದಳು. ಸುಮ್ಮನೆ. ಹತ್ತೊಂಬತ್ತು ವರ್ಷದಲ್ಲಿ ಸುಮ್ಮನೆ ನಿಂತವಳಲ್ಲ. ಮಗಳು ನೋಡಿದಳು. ಕರಾರು ನೆನಪಾಯಿತು. ಹೊರಟುಹೋದಳು.

ಬುಧವಾರ ಮೆಡಿಸಿನ್ ವಿಭಾಗದ ಮುಖ್ಯಸ್ಥರು ಅವಳನ್ನು ಕರೆಸಿದರು. ಅವರನ್ನು ಎಲ್ಲರೂ ಚೀಫ್ ಅನ್ನುತ್ತಿದ್ದರು. ಎತ್ತರದ ಮನುಷ್ಯ, ಇಸ್ತ್ರಿ ಮುರಿಯದ ಕೋಟು, ಮೆತ್ತಗಿನ ದನಿ. ಬೈಯುವಾಗ ದನಿ ಇನ್ನೂ ಮೆತ್ತಗಾಗುತ್ತಿತ್ತು.

"ಇಪ್ಪತ್ತೊಂಬತ್ತು ಕೇಸ್ ಶೀಟು ಬೇಕು. ನಾಳೆ ಬೆಳಿಗ್ಗೆಯೊಳಗೆ. ಹೆಸರು ಯಾವುದಾದರೂ ಹಾಕು. ಕಾಯಿಲೆ ಬೇರೆ ಬೇರೆ ಇರಲಿ, ಎಲ್ಲರಿಗೂ ಜ್ವರ ಬರೆದು ಮಾನ ತೆಗೀಬೇಡ."

"ರೋಗಿಗಳು ಸರ್?"

"ಅವರನ್ನ ಸೂಪರ್‌ವೈಸರ್ ತರ್ತಾನೆ. ನೀನು ಕಾಯಿಲೆ ತಾ." ಚೀಫ್ ನಕ್ಕರು. "ಫ್ರೀ ಸೀಟಿನವರ ಅಕ್ಷರ ಚೆನ್ನಾಗಿರುತ್ತೆ."

ಅವಳು ಕೂತು ಬರೆದಳು. ಲೈಬ್ರರಿಯ ಮೂಲೆ, ಒಂದೇ ಭಂಗಿ, ಹತ್ತು ಗಂಟೆ. ನಡುಬೆರಳಿಗೆ ಪೆನ್ನಿನ ಗುಳಿ ಬಿತ್ತು. ಇಲ್ಲದ ಗಂಡಸರಿಗೆ ಸಕ್ಕರೆ ಕಾಯಿಲೆ ಕೊಟ್ಟಳು. ಇಲ್ಲದ ಹೆಂಗಸರಿಗೆ ಮೂತ್ರಪಿಂಡ ಕೆಡಿಸಿದಳು. ಹದಿನೇಳನೇ ಮಂಚಕ್ಕೆ ಪುಸ್ತಕ ನೋಡಿ ಬರೆದಳು: ಐವತ್ತು ವರ್ಷದ ಗೃಹಿಣಿ. ಎರಡು ತಿಂಗಳಿಂದ ಒಣಕೆಮ್ಮು, ಸಂಜೆ ಸಂಜೆ ಜ್ವರ, ತೂಕ ಇಳಿದಿದೆ, ಮೆಟ್ಟಿಲು ಹತ್ತಿದರೆ ಏದುಸಿರು. ಎಡಗಡೆ ಎದೆಗೂಡಿನಲ್ಲಿ ನೀರು.

ಬರೆಯುತ್ತ ಕೈ ಒಂದು ಗಳಿಗೆ ನಿಂತಿತು. ಈ ಹೆಂಗಸನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ಎಲ್ಲಿ ಅಂತ ಹೊಳೆಯಲಿಲ್ಲ. ಇನ್ನೂ ಹನ್ನೆರಡು ಬಾಕಿ ಇದ್ದವು. ಬರೆದಳು.

ಗುರುವಾರ ಬೆಳಿಗ್ಗೆ ಎಂಟಕ್ಕೆ ರೋಗಿಗಳು ಬಂದರು. ಮಾಲಿ ಬಂದ. ಡ್ರೈವರುಗಳ ಹೆಂಡಂದಿರು ಬಂದರು. ಅಡುಗೆಮನೆಯ ಪಾತ್ರೆ ತೊಳೆಯುವವರು ಒದ್ದೆ ಕೈ ಒರೆಸಿಕೊಳ್ಳುತ್ತ ಬಂದರು. ಲಿಫ್ಟಿನ ಮುದುಕ ಲಿಫ್ಟಿಗೆ "ಕೆಟ್ಟಿದೆ" ಅಂತ ಬೋರ್ಡು ನೇತುಹಾಕಿ ಬಂದ. ಸೂಪರ್‌ವೈಸರ್ ಸಾಲು ನಿಲ್ಲಿಸಿದ. "ಯೂನಿಫಾರ್ಮು ಚೀಲದೊಳಗೆ, ಚಪ್ಪಲಿ ಮಂಚದ ಕೆಳಗೆ, ಬಾಯಿ ಹೊದಿಕೆಯೊಳಗೆ. ತಿಳೀತಾ?"

"ನನಗೇನು ಕಾಯಿಲೆ ಸಾರ್?" ಅಂದ ಮಾಲಿ.

"ಲಿವರ್."

"ನಾನು ಕುಡಿಯೋನೇ ಅಲ್ಲವಲ್ಲ."

"ಇವತ್ತು ಕುಡೀತೀಯ. ಮಲಕ್ಕೋ."

ಹದಿನೇಳಕ್ಕೆ ಗೊತ್ತಾಗಿದ್ದವಳು ಒಬ್ಬ ಡ್ರೈವರನ ಹೆಂಡತಿ. ಆದರೆ ಎಂಟೂವರೆಗೆ ವಾರ್ಡಿನ ಫೋನು ಬಡಿದುಕೊಂಡಿತು. ಸಿಸ್ಟರ್ ಎತ್ತಿದಳು. ಆ ಕಡೆ ಚೀಫರ ಮೆತ್ತಗಿನ ದನಿ. "ಹದಿನೇಳಕ್ಕೆ ನಮ್ಮ ನೆಲ ಒರೆಸೋ ಆಯಾನ ಹಾಕಿ. ಅವಳ ಮಗಳೇ ಕೇಸ್ ಹೇಳಲಿ. ಅನುಭವ ಆಗ್ಲಿ."

"ಸರಿ ಸರ್."

ಫೋನು ಇಟ್ಟವರು ಚೀಫ್ ಅಲ್ಲ. ಡ್ಯೂಟಿ ರೂಮಿನಲ್ಲಿ ಮೈಕು ರಿಸೀವರ್ ಇಟ್ಟು, ಕೋಟಿನ ಕಾಲರ್ ಎಳೆದುಕೊಂಡು, ಸುತ್ತ ಇದ್ದ ಆರೇಳು ಜನಕ್ಕೆ ಬಗ್ಗಿ ನಮಸ್ಕಾರ ಮಾಡಿದ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಫಿನಾಯಿಲ್ ಮುಖ ನೋಡ್ಬೇಕು ಗುರು! ಅವ್ವನ್ನ ಪೇಷಂಟ್ ಅಂತ ಹೇಳ್ಬೇಕಲ್ಲ!"

ಮಗಳು ಒಂಬತ್ತಕ್ಕೆ ವಾರ್ಡಿಗೆ ಬಂದಳು. ಮೂವತ್ತೆಂಟು ಮಂಚದ ಮೇಲೆ ತಲೆ ಕಂಡವು, ಇನ್ನೆರಡು ಮಂಚದವರು ಕಕ್ಕಸಿಗೆ ಹೋಗಿದ್ದರು. ಸಿಸ್ಟರ್ ಮುಖ ನೋಡದೆ ಶೀಟು ಕೈಗಿತ್ತಳು. "ಹದಿನೇಳು ನಿನ್ನದು."

ಹದಿನೇಳರಲ್ಲಿ ತಾಯಿ ಇದ್ದಳು. ನೀಲಿ ಗೌನು. ಬಾಚಿದ ತಲೆ. ಹೊದಿಕೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು, ಯಾರೋ ಕಿತ್ತುಕೊಳ್ಳುತ್ತಾರೆ ಅನ್ನುವ ಹಾಗೆ.

"ನಮಸ್ಕಾರ ಡಾಕ್ಟ್ರೇ" ಅಂದಳು.

ವಾರ್ಡಿನ ಬಾಗಿಲ ಬಳಿ ಮೈಕಿನ ಗುಂಪು ನಿಂತಿತ್ತು. ಒಬ್ಬ ಮೊಣಕೈಯಿಂದ ಇನ್ನೊಬ್ಬನನ್ನು ತಿವಿದ. ಮಗಳಿಗೆ ಅರ್ಥವಾಯಿತು. ಪರದೆ ಎಳೆದಳು.

ಪರದೆಯೊಳಗೆ ತಾಯಿ ಪಿಸುಗುಟ್ಟಿದಳು. "ಈ ಮಂಚಗಳೆಲ್ಲ ನನಗೆ ಕೆಳಗಿಂದ ಗೊತ್ತು ಕಣೇ. ಯಾವುದರ ಅಡಿ ಎಷ್ಟು ತುಕ್ಕು ಅಂತ ಹೇಳ್ತೀನಿ. ಮೇಲಿಂದ ಇದೇ ಮೊದಲು. ಎಷ್ಟು ಮೆತ್ತಗಿದೆ!"

"ಅಮ್ಮ, ನೀನು ಯಾಕೆ ಬಂದೆ?"

"ಬಾ ಅಂದ್ರು, ಬಂದೆ. ಮಲಗೋ ಕೆಲಸ ಅಲ್ವಾ, ಬಿಡ್ತಾರಾ ಯಾರಾದ್ರೂ? ನೀನು ಸುಮ್ಮನೆ ಪರೀಕ್ಷೆ ಮಾಡಿದ ಹಾಗೆ ಮಾಡು. ಬೈಸಿಕೋಬೇಡ."

ಮಾಡಿದ ಹಾಗೆ ಮಾಡಬೇಕು. ಮಗಳು ತಾಯಿಯನ್ನು ಕೂರಿಸಿದಳು. ಗೌನಿನ ದಾರ ಬಿಚ್ಚಿದಳು. ಬೆನ್ನೆಲುಬು ಎಣಿಸುವ ಹಾಗಿತ್ತು. ಬೇಸಗೆ ರಜೆಯಲ್ಲಿ ಹೀಗಿರಲಿಲ್ಲ. ಎಡಗಡೆ ಬೆರಳೊತ್ತಿ ಬಡಿದಳು. ಡೋಲು. ಬಲಗಡೆ ಮೇಲೆ ಬಡಿದಳು. ಡೋಲು. ಒಂದು ಬೆರಳು ಕೆಳಗೆ. ಡೋಲು. ಇನ್ನೊಂದು ಬೆರಳು ಕೆಳಗೆ.

ಕಲ್ಲು.

ಕೈ ತಪ್ಪಿತೇನೋ ಅಂತ ಮತ್ತೆ ಬಡಿದಳು. ಕಲ್ಲು. ಇನ್ನೂ ಕೆಳಗೆ ಕಲ್ಲೇ. ಸ್ಟೆತೊಸ್ಕೋಪ್ ಇಟ್ಟಳು. ಎಡಗಡೆ ಉಸಿರು ಗಾಳಿಯ ಹಾಗೆ ಬಂದು ಹೋಗುತ್ತಿತ್ತು. ಬಲಗಡೆ ಕೆಳಗೆ ಏನೂ ಇರಲಿಲ್ಲ. ಬೀಗ ಹಾಕಿದ ಮನೆಯ ಹಾಗೆ.

"ಉಸಿರು ಎಷ್ಟು ದಿನದಿಂದ ಹೀಗೆ?"

"ಹೇಗೆ?"

"ಏದುಸಿರು ಬರಲ್ವಾ?"

"ಮೆಟ್ಟಿಲು ಹತ್ತಿದ್ರೆ ಬರುತ್ತೆ. ವಯಸ್ಸಾಯ್ತಲ್ಲ."

"ಜ್ವರ?"

"ಸಂಜೆ ಸಂಜೆ ಒಂಚೂರು. ಕೆಮ್ಮೂ ಇದೆ. ಕೆಳಗೆ ಚೀಟಿ ಮಾಡಿಸಿ ಒಬ್ಬ ಚಿಕ್ಕ ಡಾಕ್ಟ್ರಿಗೆ ತೋರಿಸ್ದೆ. ಧೂಳು ಅಂದ. ಬಾಯಿಗೆ ಬಟ್ಟೆ ಕಟ್ಕೋ ಅಂದ. ತಲೆ ಎತ್ತಿ ನೋಡ್ಲಿಲ್ಲ, ಪಾಪ, ಏನೋ ಬರೀತಿದ್ದ."

ಮಗಳು ಕೈಯಲ್ಲಿದ್ದ ಶೀಟು ನೋಡಿದಳು. ತನ್ನದೇ ಅಕ್ಷರ. ಒಣಕೆಮ್ಮು. ಸಂಜೆ ಜ್ವರ. ತೂಕ ಇಳಿತ. ಹೆಸರು ಸುಳ್ಳು, ವಯಸ್ಸು ಸುಳ್ಳು, ಗೃಹಿಣಿ ಅನ್ನುವುದು ಸುಳ್ಳು. ಎಡಗಡೆ ಅನ್ನುವುದೂ ಸುಳ್ಳು. ನೀರು ಮಾತ್ರ ನಿಜ.

"ಯಾಕೇ ಹಂಗೆ ನೋಡ್ತೀಯಾ?"

"ಏನಿಲ್ಲ."

"ನನ್ನ ಹತ್ರ ಏನಿಲ್ಲ ಅನ್ನಬೇಡ. ನೀನು ಸುಳ್ಳು ಹೇಳಿದ್ರೆ ನಿನ್ನ ಮೂಗು ಬೆವರುತ್ತೆ."

ಅಷ್ಟರಲ್ಲಿ ಕಾರಿಡಾರಿನಲ್ಲಿ ಬೂಟಿನ ಸದ್ದು. ಪರದೆ ಸರಕ್ಕಂತ ಸರಿಯಿತು.

ತಪಾಸಣೆಯವರು ಮೂವರು. ಇಬ್ಬರು ಮಂಚ ಎಣಿಸುತ್ತ ಮುಂದೆ ಹೋದರು. ಮೂರನೆಯವರು ವಯಸ್ಸಾದವರು, ಕನ್ನಡಕಕ್ಕೆ ದಾರ ಕಟ್ಟಿಕೊಂಡವರು. ಅವರು ಹದಿನೇಳರ ಮುಂದೆ ನಿಂತರು. ಹಿಂದೆ ಡೀನ್, ಚೀಫ್, ಅವರ ಹಿಂದೆ ಮೈಕಿನ ಗುಂಪು. ಚೀಫ್ ಒಂದು ಗಳಿಗೆ ತಾಯಿಯ ಮುಖ ನೋಡಿ ಹುಬ್ಬು ಗಂಟಿಕ್ಕಿದರು. ಎಲ್ಲೋ ನೋಡಿದ ಮುಖ. ಹತ್ತೊಂಬತ್ತು ವರ್ಷ ದಿನಾ ನೋಡಿದ್ದರು, ಆದರೆ ಮೇಲಿನಿಂದ, ಬಗ್ಗಿದ ತಲೆಯನ್ನು.

"ಹೇಳಮ್ಮ ಕೇಸ್" ಅಂದರು ಹಿರಿಯರು.

"ಐವತ್ತು ವರ್ಷದ ಹೆಂಗಸು" ಅಂದಳು ಮಗಳು. ಹಿಂದಿನಿಂದ ಕಿಸಕ್ ಅಂತ ಸದ್ದು ಬಂತು. "ವೃತ್ತಿ, ಸಫಾಯಿ ಕೆಲಸ."

ಶೀಟಿನಲ್ಲಿ ಗೃಹಿಣಿ ಇತ್ತು. ಚೀಫರ ಕತ್ತು ತಿರುಗಿತು.

"ಎಲ್ಲಿ ಕೆಲಸ?" ಹಿರಿಯರು ತಾಯಿಯನ್ನೇ ಕೇಳಿದರು.

ಮಾಲಿ ಹೊದಿಕೆ ತಲೆಯವರೆಗೆ ಎಳೆದುಕೊಂಡ.

"ಎಲ್ಲಿ ಗಲೀಜಿದೆಯೋ ಅಲ್ಲಿ ಸಾರ್" ಅಂದಳು ತಾಯಿ.

ಡೀನ್ ಉಸಿರು ಬಿಟ್ಟರು. ಮಗಳು ಮುಂದುವರಿಸಿದಳು. ಕೆಮ್ಮು, ಜ್ವರ, ತೂಕ. "ಪರೀಕ್ಷೆಯಲ್ಲಿ ಬಲಗಡೆ ಕೆಳಭಾಗ..."

"ಎಡಗಡೆ" ಅಂದರು ಚೀಫ್, ಮೆತ್ತಗೆ.

"ಬಲಗಡೆ ಸರ್."

"ಎಡಗಡೆ ಅಂತ ನೀನೇ ಬರೆದಿದ್ದೀಯ." ಅವರು ನಗುತ್ತ ಹಿರಿಯರ ಕಡೆ ತಿರುಗಿದರು. "ಮೂರನೇ ವರ್ಷ ನೋಡಿ, ಭಯ. ಎಡಬಲ ಗೊತ್ತಾಗಲ್ಲ." ಹೇಳುತ್ತಲೇ ತಾಯಿಯ ಬೆನ್ನಿಗೆ ಬೆರಳೊತ್ತಿ ಎಡಗಡೆ ಬಡಿದರು. ಡೋಲು, ಎಲ್ಲರಿಗೂ ಕೇಳುವ ಡೋಲು. "ಕೇಳಿಸ್ತಲ್ಲ? ಕಲ್ಲು ಬಡಿದ ಹಾಗಿದೆ."

ಗುಂಪಿನಲ್ಲಿ ಆರು ತಲೆ ಒಟ್ಟಿಗೆ ಹೌದು ಅಂದವು. ಶೀಟು ಕಲ್ಲು ಅಂದಿತ್ತು, ಚೀಫ್ ಕಲ್ಲು ಅಂದಿದ್ದರು, ಇನ್ನು ಕಿವಿಯ ಮಾತು ಯಾರು ಕೇಳುತ್ತಾರೆ?

ಹಿರಿಯರು ಕೈಗಳನ್ನು ಒಂದಕ್ಕೊಂದು ಉಜ್ಜಿ ಬೆಚ್ಚಗೆ ಮಾಡಿಕೊಂಡರು. ಎಡಗಡೆ ಒಂದು ಸಲ ಬಡಿದರು. ಬಲಗಡೆ ಒಂದು ಸಲ ಬಡಿದರು. ಬಲಗಡೆಯೇ ಇನ್ನೊಂದು ಸಲ. ಮಂಚದಿಂದ ಮಂಚಕ್ಕೆ ಕಣ್ಣು ಹಾಯಿಸಿದರು. ಮಂಚಗಳ ಕೆಳಗೆ ಸಾಲಾಗಿ ಒಂದೇ ತರಹದ ಕೆಲಸದ ಚಪ್ಪಲಿಗಳು. ಅವರಿಗೆ ಎಲ್ಲ ಗೊತ್ತಾಯಿತು. ಗೊತ್ತಾದದ್ದು ಅವರ ಮುಖದಲ್ಲಿ ಬಂದು, ಕೂತು, ಎದ್ದು ಹೋಯಿತು. ಅವರೂ ಊಟ ಮಾಡಿಕೊಂಡು ಹೋಗಲು ಬಂದವರೇ.

"ಬಲಗಡೆ" ಅಂದರು. "ಶೀಟು ತಿದ್ದಿ ಸಹಿ ಹಾಕಿ. ಒಂದೂವರೆ ಲೀಟರ್ ಆದ್ರೂ ಇದೆ. ನಾಳೆಯೇ ತೆಗೀಬೇಕು." ಮಗಳ ಕಡೆ ತಿರುಗಿ, "ನಿನ್ನ ಬೆರಳು ಚೆನ್ನಾಗಿದೆ" ಅಂದರು.

ಚೀಫ್ ಪೆನ್ನು ತೆಗೆದರು. ಎಡ ಹೊಡೆದುಹಾಕಿ ಬಲ ಬರೆದರು. ಕೆಳಗೆ, "ದಾಖಲಿಸಿಕೊಳ್ಳಲಾಗಿದೆ. ನಾಳೆ ನೀರು ತೆಗೆಯುವುದು" ಅಂತ ಬರೆದು ಸಹಿ ಹಾಕಿದರು. ಕಾಗದ ಹರಿಯುವಷ್ಟು ಒತ್ತಿ ಹಾಕಿದರು. ಮೈಕಿನ ಗುಂಪು ನಗುವುದನ್ನು ಯಾವಾಗಲೋ ಮರೆತಿತ್ತು.

ಬೂಟಿನ ಸದ್ದು ದೂರವಾದ ಮೇಲೆ ತಾಯಿ ಕೇಳಿದಳು. "ನೀರು ಅಂದ್ರಲ್ಲ. ಅದೂ ನಾಟಕದಲ್ಲಿ ಇತ್ತಾ?"

"ಹೂಂ" ಅಂದಳು ಮಗಳು. ತಾಯಿ ಅವಳ ಮೂಗು ನೋಡಿದಳು. ಬೆವರಿತ್ತು.

ನಾಲ್ಕು ಗಂಟೆಗೆ ಸೂಪರ್‌ವೈಸರ್ ಬಂದು ಚಪ್ಪಾಳೆ ತಟ್ಟಿದ. "ಏಳಿ ಏಳಿ! ಎಲ್ಲರಿಗೂ ವಾಸಿ ಆಯ್ತು! ಗೌನು ಬುಟ್ಟಿಗೆ, ಹೊದಿಕೆ ಲಾಂಡ್ರಿಗೆ. ಬೆಳಗಿಂದ ಒಂದು ಕಾರಿಡಾರೂ ಒರೆಸಿಲ್ಲ."

ಮಾಲಿ ಲಿವರ್ ಬಿಟ್ಟು ಎದ್ದ. ಪಾತ್ರೆಯವರು ಮೂತ್ರಪಿಂಡ ಬಿಟ್ಟು ಎದ್ದರು. ಹದಿನೆಂಟರಲ್ಲಿ ಲಿಫ್ಟಿನ ಮುದುಕ ಮಾತ್ರ ಗೊರಕೆ ಹೊಡೆಯುತ್ತಿದ್ದ, ಅವನಿಗೆ ಬರೆದಿದ್ದ ಕಾಯಿಲೆ ನಿದ್ರಾಹೀನತೆ. ತಾಯಿಯೂ ಎದ್ದು ಕೂತಳು. ಕಾಲು ಕೆಳಗಿಳಿದು ಚಪ್ಪಲಿ ಹುಡುಕಿತು. ಹತ್ತೊಂಬತ್ತು ವರ್ಷದ ಕಾಲು ಅದು. ಏಯ್ ಅಂದರೆ ಸಾಕು, ತಾನೇ ನಡೆಯುತ್ತಿತ್ತು.

ಮಗಳು ಹೆಗಲ ಮೇಲೆ ಕೈ ಇಟ್ಟಳು.

"ಏಳಬೇಡಮ್ಮ."

ಅಮ್ಮ ಅನ್ನುವ ಮಾತು ವಾರ್ಡಿನ ಮಧ್ಯೆ ಬಿತ್ತು. ಮೂರು ವರ್ಷದಲ್ಲಿ ಎಲ್ಲರ ಎದುರಿಗೆ ಮೊದಲ ಸಲ. ತಾಯಿಯ ಮುಖ ಬಿಳಿಚಿತು. "ಸುಮ್ಮನಿರಿ ಡಾಕ್ಟ್ರೇ. ಯಾರಾದ್ರೂ..."

"ನಾನು ಇನ್ನೂ ಡಾಕ್ಟ್ರಲ್ಲ. ನಿನ್ನ ಮಗಳು. ನಿನಗೆ ನಿಜವಾಗಲೂ ಕಾಯಿಲೆ ಇದೆ. ಮಲಕ್ಕೋ."

ಸೂಪರ್‌ವೈಸರ್ ಬಂದ. "ಏನಿದು? ಏಯ್, ಎದ್ದೇಳು. ಇವತ್ತು ಯಾರು ಒರೆಸ್ತಾರೆ, ನಿನ್ನ ಡಾಕ್ಟ್ರು ಮಗಳಾ?"

ತಾಯಿ ಅವನನ್ನು ನೋಡಿದಳು. ಮಗಳನ್ನು ನೋಡಿದಳು. ಬಾಗಿಲ ಬಳಿ ಗೋಡೆಗೊರಗಿದ್ದ ಮಾಪು ನೋಡಿದಳು. ಅದು ಒಣಗಿ ನಿಂತಿತ್ತು. ಎರಡೂ ಕಾಲನ್ನು ಮಂಚದ ಮೇಲೆ ಎತ್ತಿಕೊಂಡಳು. ಹೊದಿಕೆ ಎಳೆದುಕೊಂಡಳು.

"ಇವತ್ತು ಆಗಲ್ಲಣ್ಣ."

"ಹಾಗಿದ್ರೆ ನಾಳೆಯಿಂದ ಬರಬೇಡ."

"ನಾಳೆ ಎಲ್ಲಿಂದ ಬರಲಿ? ಇಲ್ಲೇ ಇರ್ತೀನಲ್ಲ."

ಸೂಪರ್‌ವೈಸರ್ ಓಡಿದ. ಹತ್ತು ನಿಮಿಷಕ್ಕೆ ಚೀಫ್ ಬಂದರು, ಹಿಂದೆ ಮೈಕೂ ಅವನ ಗುಂಪೂ. ತಪಾಸಣೆ ಗೆದ್ದ ಖುಷಿ ಚೀಫರ ಮುಖದಲ್ಲಿ ಇನ್ನೂ ಹಸಿಯಾಗಿತ್ತು.

"ಏನಿದು, ಒಂದು ಪಾತ್ರ ಇನ್ನೂ ಸ್ಟೇಜ್ ಮೇಲೇ ಇದೆ?"

ಗುಂಪು ನಕ್ಕಿತು. ಮಗಳು ನಗಲಿಲ್ಲ. "ಸರ್, ಎಕ್ಸ್‌ರೇ ಆಗ್ಬೇಕು. ನಾಳೆ ನೀರು ತೆಗೀಬೇಕು."

"ಗುತ್ತಿಗೆಯವರು ನಮ್ಮವರಲ್ಲ. ಊರಲ್ಲಿ ಸರ್ಕಾರಿ ಆಸ್ಪತ್ರೆ ಇದೆ. ಚೀಟಿ ಬರೆದು ಕೊಡ್ತೀನಿ, ಕರ್ಕೊಂಡು ಹೋಗು."

"ಬೆಳಿಗ್ಗೆ ನಮ್ಮವರಾಗಿದ್ರು ಸರ್."

ಚೀಫ್ ಸಿಸ್ಟರ್ ಕಡೆ ತಿರುಗಿದರು. "ಇವಳನ್ನ ಹದಿನೇಳಕ್ಕೆ ಹಾಕಿದ್ದು ಯಾರು?"

"ನೀವೇ ಸರ್. ಫೋನಲ್ಲಿ."

"ನಾನು ಫೋನೇ ಮಾಡಿಲ್ಲ."

"ನಿಮ್ಮದೇ ದನಿ ಸರ್" ಅಂದಳು ಸಿಸ್ಟರ್, ಮುಖದಲ್ಲಿ ಒಂದು ಗೆರೆ ಅಲುಗಿಸದೆ. "ಇಪ್ಪತ್ತು ವರ್ಷದಿಂದ ಕೇಳ್ತಾ ಇದ್ದೀನಿ."

ಮೈಕು ಚಾವಣಿಯ ಫ್ಯಾನು ಪರೀಕ್ಷಿಸತೊಡಗಿದ. ಅವನ ಅಕ್ಕಪಕ್ಕದವರು ಒಂದೊಂದು ಹೆಜ್ಜೆ ದೂರ ಸರಿದರು. ಚೀಫ್ ಅವನನ್ನು ನೋಡಿದರು. ಆ ಲೆಕ್ಕ ಆಮೇಲೆ ಅನ್ನುವ ಹಾಗೆ ನೋಡಿ, ಮಗಳ ಮುಂದೆ ಕೈ ಚಾಚಿದರು.

"ಶೀಟು ಕೊಡು."

ಅವಳು ಶೀಟನ್ನು ಎದೆಗೆ ಒತ್ತಿ ಹಿಡಿದಳು. "ದಾಖಲಿಸಿಕೊಳ್ಳಲಾಗಿದೆ ಅಂತ ನೀವೇ ಸಹಿ ಹಾಕಿದ್ದೀರಿ ಸರ್."

"ಅದು ಅವರಿಗೆ ತೋರಿಸೋ ಕಾಗದ ಕಣಮ್ಮ."

"ಹಾಗಾದ್ರೆ ಅದನ್ನ ಅವರಿಗೇ ಹೇಳಿ ಬರ್ತೀನಿ. ಡೀನ್ ರೂಮಲ್ಲಿ ಇನ್ನೂ ಟೀ ಕುಡೀತಿದ್ದಾರೆ."

ಚೀಫ್ ಹತ್ತಿರ ಬಂದರು. ತೀರ ಹತ್ತಿರ. ದನಿ ಹತ್ತಿಯಷ್ಟು ಮೆತ್ತಗಾಯಿತು.

"ನೀನು ಪರೀಕ್ಷೆಗೆ ಕೂರೋಕೆ ನನ್ನ ಸಹಿ ಬೇಕು. ಗೊತ್ತಲ್ಲ?"

"ಗೊತ್ತು ಸರ್."

"ಈ ವರ್ಷ ಮಾತ್ರ ಅಲ್ಲ. ಪಾಸಾಗಿ ಹೋಗೋವರೆಗೂ. ಹೋಗೋದಾದ್ರೆ."

"ಗೊತ್ತು ಸರ್."

ಅವಳು ಮಂಚದ ಕಂಬಿ ಹಿಡಿದುಕೊಂಡಳು. ಶೀಟು ಬಿಡಲಿಲ್ಲ. ಬಿಟ್ಟರೆ ಈ ಮಂಚ ಹೋಗುತ್ತದೆ. ಮಂಚ ಹೋದರೆ ತಾಯಿ ನಾಳೆ ಮತ್ತೆ ಬಕೀಟು ಎತ್ತುತ್ತಾಳೆ, ಬೀಳುವವರೆಗೆ ಎತ್ತುತ್ತಾಳೆ. ಅಷ್ಟು ಮಾತ್ರ ಅವಳಿಗೆ ತಿಳಿದಿತ್ತು.

ಚೀಫ್ ಕೈ ಹಿಂತೆಗೆದರು. ನಕ್ಕರು. ಆ ನಗು ನೋಡಿ ಸಿಸ್ಟರ್ ಒಂದು ಹೆಜ್ಜೆ ಹಿಂದೆ ಸರಿದಳು.

"ಸರಿ. ಇರಲಿ. ಅಡ್ಮಿಟ್ ಆದ ರೋಗಿ ಅಂದ್ರೆ ರೋಗಿನೇ. ನಾಳೆ ಬೆಳಿಗ್ಗೆ ನಾನೇ ನೀರು ತೆಗೀತೀನಿ. ಬೇರೆ ಯಾರೂ ಬೇಡ. ನೀನೇ ಪಕ್ಕದಲ್ಲಿ ನಿಂತು ಟ್ರೇ ಹಿಡ್ಕೋ." ಎರಡು ಬೆರಳಿನಿಂದ ಗಾಳಿಯಲ್ಲಿ ಸೂಜಿಯ ಅಳತೆ ತೋರಿಸಿದರು. "ಇಷ್ಟು ಉದ್ದ. ಪಕ್ಕೆಲುಬಿನ ಸಂದಿಯಲ್ಲಿ ಹೋಗುತ್ತೆ. ಒಂದು ಕೂದಲೆಳೆ ಆ ಕಡೆ ಈ ಕಡೆ ಆದ್ರೆ ಶ್ವಾಸಕೋಶ. ನನ್ನ ಕೈ ಸಾಮಾನ್ಯವಾಗಿ ಜಾರಲ್ಲ."

ಸಾಮಾನ್ಯವಾಗಿ ಅನ್ನುವ ಮಾತು ವಾರ್ಡಿನಲ್ಲಿ ಓಡಾಡಿತು. ಎಲ್ಲರಿಗೂ ಅರ್ಥವಾಗಿತ್ತು, ಮೈಕಿಗೂ.

ಮಂಚದ ಮೇಲೆ ತಾಯಿ ಮೊಣಕೈ ಊರಿ ಎದ್ದಳು.

"ಸಾರ್, ಒಂದು ಮಾತು."

ಹತ್ತೊಂಬತ್ತು ವರ್ಷದಲ್ಲಿ ಅವಳು ಅವರಿಗೆ ಆಡಿದ ಮೊದಲ ಮಾತು. ಚೀಫ್ ತಿರುಗಿದರು.

"ಚುಚ್ಚೋಕೆ ಮುಂಚೆ ಯಾವ ಕಡೆ ಅಂತ ನನ್ನ ಮಗಳನ್ನ ಕೇಳ್ಕೊಂಡು ಚುಚ್ಚಿ ಸಾರ್. ನಿಮಗೆ ಗೊತ್ತಾಗಲ್ಲ."

ಹದಿನೆಂಟರಲ್ಲಿ ಹೊದಿಕೆ ಕುಲುಕತೊಡಗಿತು. ಲಿಫ್ಟಿನ ಮುದುಕ ಯಾವಾಗ ಎಚ್ಚರವಾಗಿದ್ದನೋ. ನಿಜವಾದ ಹನ್ನೊಂದು ರೋಗಿಗಳಲ್ಲಿ ಒಬ್ಬ ಹೊಟ್ಟೆ ಹಿಡಿದುಕೊಂಡು "ಅಯ್ಯೋ, ನಗಿಸಬೇಡಿ" ಅಂದ. ಸಿಸ್ಟರ್ ಔಷಧಿ ಬೀರುವಿನೊಳಗೆ ತಲೆ ಹಾಕಿದಳು, ಅವಳ ಬೆನ್ನು ಅಲುಗುತ್ತಿತ್ತು. ಮೈಕಿನ ಮೂಗಿನಿಂದಲೂ ಒಂದು ಸದ್ದು ಹೊರಟಿತು. ಅದು ಯಾರ ಅನುಕರಣೆಯೂ ಆಗಿರಲಿಲ್ಲ. ಚೀಫ್ ನಿಂತೇ ಇದ್ದರು. ಅವರ ಕಣ್ಣು ನಗುವವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿ ಮನಸ್ಸಿನಲ್ಲಿ ಬರೆದುಕೊಳ್ಳುತ್ತಿತ್ತು.

ಎಲ್ಲರಿಗಿಂತ ಜೋರಾಗಿ ತಾಯಿ ನಗುತ್ತಿದ್ದಳು. ಬಲಗೈಯಲ್ಲಿ ಬಲಪಕ್ಕೆಯನ್ನು ಒತ್ತಿ ಹಿಡಿದು, ಎಡಗೈಯಲ್ಲಿ ಮಗಳ ಕೈ ಹಿಡಿದು ನಗುತ್ತಿದ್ದಳು. ನಡುವೆ ಕೆಮ್ಮು ಬಂತು. ಕೆಮ್ಮಿದಳು. ಕೆಮ್ಮು ಮುಗಿಯುವ ಮೊದಲೇ ಮತ್ತೆ ನಕ್ಕಳು. ಉಸಿರು ಸಾಲುತ್ತಿರಲಿಲ್ಲ. ಆದರೂ ನಿಲ್ಲಿಸಲಿಲ್ಲ.